ಅಲುಗಾಡದ ಹೆಣ್ಣು ನುಸಿಯ ಮೇಲೆ ಗಂಡು ಯಾಕೆ ಕಾವಲು ಕೂರುತ್ತದೆ?

ಲೆನ್ಸ್‌ಕಣ್ಣು

ಎಲ್ಲರಿಗೂ ನಮಸ್ಕಾರ. ಎಲೆಯ ಹಿಂಬದಿಯನ್ನು ಲೆನ್ಸ್‌ ಹಿಡಿದು ನೋಡುವ ಅಭ್ಯಾಸ ನನಗಿದೆ. ಈಗ ಬೀನ್ಸ್ ಎಲೆಯ ಮೇಲಿರುವ ಜೇಡ ನುಸಿಗಳನ್ನು ನೋಡುತ್ತಿದ್ದೇನೆ. ಬೆನ್ನಿನ ಎರಡೂ ಪಕ್ಕ ಕಪ್ಪು ಚುಕ್ಕೆ ಇರುತ್ತಲ್ಲ, ಆ ಜಾತಿ.

ಒಂದು ನುಸಿ ಕಾಲು ಚಾಚಿಕೊಂಡು ಎಲೆಗೆ ಅಂಟಿ ಬಿದ್ದಿತ್ತು. ಅಲುಗಾಟವೇ ಇಲ್ಲ. ಮೈ ಮೇಲೆ ಬೆಳ್ಳಿಯ ಹೊಳಪು. ಅದರ ಮೇಲೆ ಇನ್ನೊಂದು ನುಸಿ ಹತ್ತಿ ಕೂತಿತ್ತು. ಇದು ಚಿಕ್ಕದು, ಹಿಂಭಾಗ ಚೂಪು. ಮೆಲ್ಲಗೆ ಊದಿದರೂ ಇಳಿಯಲಿಲ್ಲ. ಅಷ್ಟರಲ್ಲಿ ಇನ್ನೊಂದು ಚೂಪು ಹಿಂಭಾಗದ್ದು ಹತ್ತಿರ ಬಂತು. ಕೂತಿದ್ದದ್ದು ಮುಂಗಾಲು ಎತ್ತಿ ಅದನ್ನು ತಳ್ಳಿತು. ಎರಡೂ ಕಾಲಿಗೆ ಕಾಲು ಸಿಕ್ಕಿಸಿಕೊಂಡು ಸ್ವಲ್ಪ ಹೊತ್ತು ಗುದ್ದಾಡಿದವು. ಬಂದದ್ದು ಸೋತು ಹೊರಟುಹೋಯಿತು. ಗೆದ್ದದ್ದು ವಾಪಸ್ ಬಂದು ಅದೇ ಜಾಗದಲ್ಲಿ ಕೂತಿತು.

ಕೆಳಗೆ ಬಿದ್ದಿರುವುದು ಸತ್ತಿದೆಯಾ? ಸತ್ತಿದ್ದರೆ ಇಷ್ಟು ಕಾವಲು ಯಾಕೆ? ಗೊತ್ತಿರುವವರು ಹೇಳಿ.

ನುಸಿನೋಟ

ಸತ್ತಿಲ್ಲ. ನೀವು ನೋಡಿದ್ದು ಬೆಳೆದ ಹೆಣ್ಣಾಗುವ ಮುಂಚಿನ ಕೊನೆಯ ಹಂತ.

ಜೇಡ ನುಸಿ ಮೊಟ್ಟೆಯಿಂದ ಹೊರಬಂದಾಗ ಅದಕ್ಕೆ ಆರೇ ಕಾಲು. ಆಮೇಲೆ ಎಂಟು ಕಾಲಿನ ಎರಡು ಮರಿ ಹಂತ. ಪ್ರತಿ ಹಂತ ಮುಗಿದಾಗಲೂ ಅದು ತಿನ್ನುವುದು, ಓಡಾಡುವುದು ನಿಲ್ಲಿಸಿ ಎಲೆಗೆ ಅಂಟಿಕೊಂಡು ಸುಮ್ನೆ ಇದ್ದುಬಿಡುತ್ತದೆ. ಒಳಗೆ ಹೊಸ ಚರ್ಮ ತಯಾರಾಗುತ್ತಿರುತ್ತದೆ. ಹೀಗೆ ಮೂರು ಸಲ. ಮೂರನೆಯ ಸಲ ಪೊರೆ ಬಿಟ್ಟಾಗ ಬರುವುದು ಬೆಳೆದ ನುಸಿ. ನೀವು ಹೇಳಿದ ಬೆಳ್ಳಿ ಹೊಳಪು ಬರುವುದು ಹಳೆಯ ಚರ್ಮಕ್ಕೂ ಹೊಸ ಚರ್ಮಕ್ಕೂ ನಡುವೆ ಗಾಳಿ ಸೇರಿಕೊಂಡಾಗ. ಅಂದರೆ ಪೊರೆ ಬಿಡುವ ಹೊತ್ತು ಹತ್ತಿರ ಬಂದಿದೆ.

ಮೇಲೆ ಕೂತಿರುವುದು ಗಂಡು. ಹೆಣ್ಣಿಗಿಂತ ಚಿಕ್ಕದು, ಚೂಪು ಹಿಂಭಾಗ, ಉದ್ದ ಕಾಲು. ಗಂಡುಗಳು ಸಾಮಾನ್ಯವಾಗಿ ಹೆಣ್ಣಿಗಿಂತ ಸ್ವಲ್ಪ ಮುಂಚೆ ಬೆಳೆದು ಮುಗಿಸುತ್ತವೆ. ಹಾಗಾಗಿ ಹೆಣ್ಣುಗಳು ಪೊರೆ ಬಿಡುವ ಹೊತ್ತಿಗೆ ಇವು ತಯಾರಾಗಿ ಅಲೆಯುತ್ತಿರುತ್ತವೆ. ಹೆಣ್ಣಿನ ವಾಸನೆ ಹಿಡಿದು, ಅವಳು ಬಿಟ್ಟ ನೂಲಿನ ಜಾಡು ಹಿಡಿದು ಹುಡುಕಿಕೊಂಡು ಬರುತ್ತವೆ. ಪೊರೆ ಬಿಡಲು ಹತ್ತಿರವಾದವಳನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತವೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಕಾವಲು ಯಾಕೆ? ಈ ಜಾತಿಯಲ್ಲಿ ಹೆಣ್ಣು ಮೊದಲು ಕೂಡಿದ ಗಂಡಿನ ವೀರ್ಯವೇ ಅವಳ ಮೊಟ್ಟೆಗಳಿಗೆ ಸಲ್ಲುತ್ತದೆ. ಆ ಮೊದಲ ಕೂಡುವಿಕೆ ನಡುವೆ ನಿಲ್ಲದೆ ಪೂರ್ತಿಯಾದರೆ, ಆಮೇಲೆ ಬಂದವರಿಗೆ ಹೆಚ್ಚುಕಡಿಮೆ ಏನೂ ಸಿಗುವುದಿಲ್ಲ. ಒಬ್ಬ ಹೆಣ್ಣು ತನ್ನ ಬಾಳಿನಲ್ಲಿ ನೂರರ ಆಸುಪಾಸು ಮೊಟ್ಟೆ ಇಡುತ್ತಾಳೆ. ಅದರಲ್ಲಿ ಹುಟ್ಟುವ ಹೆಣ್ಣುಮಕ್ಕಳೆಲ್ಲ ಆ ಮೊದಲನೆಯವನ ಮಕ್ಕಳೇ. ಆದ್ದರಿಂದ ಪೊರೆ ಬಿದ್ದ ಗಳಿಗೆಯಲ್ಲಿ ಪಕ್ಕದಲ್ಲಿರುವುದೇ ಗಂಡಿನ ಬದುಕಿನ ಮುಖ್ಯ ಕೆಲಸ. ಅದರ ಜಗಳ, ಕಾವಲು, ಉಪಾಯ ಎಲ್ಲ ಅಲ್ಲಿಂದಲೇ ಹುಟ್ಟುತ್ತವೆ ಅಂತ ನನ್ನ ಅನಿಸಿಕೆ.

ಹಸಿರುಮನೆ

ನಾನು ಪಾಲಿಹೌಸ್‌ನಲ್ಲಿ ಬೆಳೆ ಮಾಡುವವನು. ನಮಗೆ ಈ ನುಸಿ ದೊಡ್ಡ ತಲೆನೋವು. ನುಸಿನೋಟ ಸರ್, ಹಾಗಾದರೆ ಗಂಡುಗಳನ್ನೇ ಹೇಗಾದರೂ ಕಡಿಮೆ ಮಾಡಿದರೆ ಸಂತತಿ ನಿಲ್ಲುತ್ತದಾ? ಗಂಡು ಹೇಗೂ ಕಡಿಮೆ ಇರುತ್ತವೆ ಅಂತ ಕೇಳಿದ್ದೇನೆ.

ನುಸಿನೋಟ

ಗಂಡು ಕಡಿಮೆ ಅನ್ನುವುದು ನಿಜ. ಸಾಮಾನ್ಯವಾಗಿ ಮೂರು ಹೆಣ್ಣಿಗೆ ಒಂದು ಗಂಡು. ಆದರೆ ಆ ದಾರಿಯಲ್ಲಿ ಇವನ್ನು ನಿಲ್ಲಿಸಲು ಆಗುವುದಿಲ್ಲ.

ಜೇಡ ನುಸಿಯಲ್ಲಿ ವೀರ್ಯ ಸೇರಿದ ಮೊಟ್ಟೆ ಹೆಣ್ಣಾಗುತ್ತದೆ, ಸೇರದ ಮೊಟ್ಟೆ ಗಂಡಾಗುತ್ತದೆ. ಹೆಣ್ಣಿಗೆ ಆರು ಕ್ರೋಮೋಸೋಮ್, ಗಂಡಿಗೆ ಮೂರೇ. ಗಂಡಿಗೆ ಅಪ್ಪನೇ ಇಲ್ಲ. ಗಂಡೇ ಸಿಗದ ಒಂಟಿ ಹೆಣ್ಣು ಹೊಸ ಗಿಡಕ್ಕೆ ಬಂದರೂ ಮೊಟ್ಟೆ ಇಡುತ್ತಾಳೆ. ಅವೆಲ್ಲ ಗಂಡಾಗುತ್ತವೆ. ಹದವಾದ ಬಿಸಿಯಲ್ಲಿ ಸುಮಾರು ಹತ್ತು ದಿನಕ್ಕೆ ಅವು ಬೆಳೆದು ನಿಲ್ಲುತ್ತವೆ. ಅವಳು ಅಷ್ಟರವರೆಗೆ ಬದುಕಿದ್ದರೆ ಮಗನ ಜೊತೆಗೇ ಕೂಡಿ ಹೆಣ್ಣು ಮೊಟ್ಟೆ ಇಡಲು ಶುರು ಮಾಡಬಲ್ಲಳು. ಹಾಗಾಗಿ ಒಂದೇ ಒಂದು ಹೆಣ್ಣು ಉಳಿದರೂ ಕಥೆ ಮತ್ತೆ ಮೊದಲಿನಿಂದ.

ಇನ್ನೊಂದು ವಿಷಯ ನಿಮಗೆ ಉಪಯೋಗವಾಗಬಹುದು. ಗಂಡಿನಲ್ಲಿ ಪ್ರತಿ ಜೀನ್ ಒಂದೇ ಪ್ರತಿ ಇರುತ್ತದೆ. ಔಷಧಿಯನ್ನು ತಡೆದುಕೊಳ್ಳುವ ಜೀನ್ ಇದ್ದರೆ ಅದನ್ನು ಮುಚ್ಚಿಡುವ ಎರಡನೇ ಪ್ರತಿ ಇಲ್ಲ. ಔಷಧಿ ಹೊಡೆದ ದಿನವೇ ಆ ಗಂಡು ಉಳಿಯುತ್ತದೆ, ಉಳಿದವು ಸಾಯುತ್ತವೆ. ಎದುರಾಳಿಗಳೆಲ್ಲ ಹೋದಮೇಲೆ ಪೊರೆ ಬಿಡುವ ಹೆಣ್ಣುಗಳೆಲ್ಲ ಅವನ ಪಾಲಿಗೆ. ಒಂದೇ ಔಷಧಿಯನ್ನು ಪದೇ ಪದೇ ಹೊಡೆದರೆ ಅದು ಬೇಗ ಕೆಲಸಕ್ಕೆ ಬಾರದೇ ಹೋಗುವುದಕ್ಕೆ ಇದೂ ಒಂದು ಕಾರಣ.

ಗರಿಕೆ

ಗುದ್ದಾಟದ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಅದು ಬರೀ ತಳ್ಳಾಟ ಅಲ್ಲ.

1976ರಲ್ಲಿ ಪಾಟರ್, ರೆನ್ಶ್, ಜಾನ್‌ಸ್ಟನ್ ಎಂಬ ಮೂವರು ‘ಸೈನ್ಸ್’ ಪತ್ರಿಕೆಯಲ್ಲಿ ಎರಡು ಚುಕ್ಕೆ ಜೇಡ ನುಸಿಯ ಗಂಡುಗಳ ಜಗಳದ ಬಗ್ಗೆ ಬರೆದರು. ಗಂಡುಗಳು ಮುಂಗಾಲು ಚಾಚಿ ಸೆಣಸುತ್ತವೆ. ಬಾಯಲ್ಲಿರುವ ಸೂಜಿಯಂಥ ಅಂಗದಿಂದ ಎದುರಾಳಿಯನ್ನು ಚುಚ್ಚಲು ನೋಡುತ್ತವೆ. ಎಲೆಯ ರಸ ಹೀರುವ ಸೂಜಿಯೇ ಇಲ್ಲಿ ಆಯುಧ. ನೂಲು ಬಿಟ್ಟು ಎದುರಾಳಿಯ ಕಾಲು ಸುತ್ತಿ ಸಿಕ್ಕಿಸುವುದೂ ಉಂಟು. ದೊಡ್ಡ ಮೈಯ ಗಂಡು ಗೆಲ್ಲುವುದು ಜಾಸ್ತಿ. ಗೆದ್ದವನಿಗೆ ಹೆಣ್ಣು ಸಿಗುವುದೂ ಜಾಸ್ತಿ.

ಆದರೆ ಜಗಳಕ್ಕೇ ಇಳಿಯದ ಗಂಡುಗಳೂ ಇವೆ. ಯೂಕಿಯೆ ಸಾಟೊ ಮತ್ತು ಜೊತೆಗಾರರು 2013ರಲ್ಲಿ ಇದನ್ನು ಬರೆದರು. ಒಂದು ಬಗೆಯ ಗಂಡು ಹೆಣ್ಣಿನ ಮೇಲೆ ಹಕ್ಕು ಹಿಡಿದು, ಬಂದವರೊಡನೆ ಕಾದುತ್ತದೆ. ಇನ್ನೊಂದು ಬಗೆಯದು ಕಾದುವುದೇ ಇಲ್ಲ. ಸದ್ದಿಲ್ಲದೆ ಹತ್ತಿರ ಬಂದು ಸೇರಿಕೊಳ್ಳುತ್ತದೆ. ಸೋಜಿಗ ಏನಂದರೆ, ಕಾವಲು ಕೂತ ಗಂಡು ಇದರ ಮೇಲೆ ಎರಗುವುದಿಲ್ಲ. ಒಂದೇ ಹೆಣ್ಣಿನ ಪಕ್ಕ ಹೀಗೆ ಇಬ್ಬರೂ ಇದ್ದರೆ, ಪೊರೆ ಬಿದ್ದಾಗ ಯಾರು ಮೊದಲು ಅನ್ನುವುದು ಮೈಬಲದ ಮೇಲೆ ಮಾತ್ರ ನಿಲ್ಲುವುದಿಲ್ಲ.

ಲೆನ್ಸ್‌ಕಣ್ಣು ಅವರೇ, ಒಬ್ಬ ಹೆಣ್ಣಿನ ಸುತ್ತ ಎರಡು ಗಂಡು ಜಗಳವಿಲ್ಲದೆ ಕೂತಿದ್ದನ್ನು ಎಂದಾದರೂ ನೋಡಿದ್ದೀರಾ?

ಲೆನ್ಸ್‌ಕಣ್ಣು

ನೋಡಿದ್ದೇನೆ! ಎಷ್ಟೋ ಸಲ. ಎರಡನೆಯದೂ ಹೆಣ್ಣೇ ಇರಬಹುದು ಅಂದುಕೊಂಡು ಮುಂದೆ ಹೋಗುತ್ತಿದ್ದೆ. ಇನ್ನು ಮೇಲೆ ಹಿಂಭಾಗ ಸರಿಯಾಗಿ ನೋಡುತ್ತೇನೆ.

ಪ್ರಶ್ನೆಪೆಟ್ಟಿಗೆ

ನನಗೆ ಎರಡು ಅನುಮಾನ. ಮೊದಲನೆಯವನ ವೀರ್ಯ ಮಾತ್ರ ಲೆಕ್ಕಕ್ಕೆ ಅಂದರೆ, ಆಗಲೇ ಕೂಡಿದ ಹೆಣ್ಣಿನ ಜೊತೆ ಗಂಡುಗಳು ಕೂಡಲೇಬಾರದು ಅಲ್ವಾ? ಎರಡನೆಯದು, ಇಲ್ಲೆಲ್ಲ ಹೆಣ್ಣು ಸುಮ್ನೆ ಬಿದ್ದಿರುವ ವಸ್ತುವಿನ ಹಾಗೆ ಕಾಣುತ್ತಿದೆ. ಅವಳ ಪಾತ್ರ ಏನೂ ಇಲ್ಲವೇ?

ನುಸಿನೋಟ

ಎರಡೂ ಒಳ್ಳೆಯ ಪ್ರಶ್ನೆ.

ಮೊದಲನೆಯದು. ಕನ್ಯೆಗೂ ಕೂಡಿದವಳಿಗೂ ವ್ಯತ್ಯಾಸ ಗಂಡಿಗೆ ತಿಳಿಯುತ್ತದೆ. ಎದುರಿಗೆ ಇಬ್ಬರೂ ಇದ್ದರೆ ಕನ್ಯೆಯ ಕಡೆಗೇ ಹೋಗುವುದು ಹೆಚ್ಚು. ಆದರೂ ಕೂಡಿದವಳ ಜೊತೆ ಕೂಡುವುದು ನಡೆಯುತ್ತದೆ. ಮೊದಲ ಕೂಡುವಿಕೆ ಅರ್ಧಕ್ಕೇ ನಿಂತಿದ್ದರೆ ಎರಡನೆಯವನಿಗೂ ಪಾಲು ಸಿಗಬಹುದು, ಆ ಬಾಗಿಲು ಪೂರ್ತಿ ಮುಚ್ಚಿಲ್ಲ. ಇದರಿಂದ ಇನ್ನೊಂದು ಮಾತೂ ಅರ್ಥವಾಗುತ್ತದೆ. ಕೂಡುವಾಗ ಗಂಡು ಹೆಣ್ಣಿನ ಹಿಂದಿನಿಂದ ಅವಳ ಹೊಟ್ಟೆಯ ಕೆಳಗೆ ನುಗ್ಗಿ, ತನ್ನ ಹಿಂಭಾಗವನ್ನು ಮೇಲಕ್ಕೆ ಬಗ್ಗಿಸುತ್ತದೆ. ಆ ಭಂಗಿಯಲ್ಲಿ ಕೆಲವು ನಿಮಿಷ ಇರಬೇಕು. ಆಗ ಬೇರೆಯವನು ಬಂದು ಎಳೆದುಹಾಕಿದರೆ ಇಷ್ಟು ಹೊತ್ತು ಕಾದ ಶ್ರಮ ಹಾಳು. ಅದಕ್ಕೇ ಮೊದಲೇ ಎದುರಾಳಿಗಳನ್ನು ಓಡಿಸಿಡುವುದು ಅಷ್ಟು ಮುಖ್ಯ.

ಎರಡನೆಯದಕ್ಕೆ ಹೋಗುವ ಮುಂಚೆ ಗಂಡಿನ ಬಗ್ಗೆಯೇ ಇತ್ತೀಚಿನ ಒಂದು ಕೆಲಸ ಹೇಳುತ್ತೇನೆ. ವಿಯೆನ್ನಾ ವಿಶ್ವವಿದ್ಯಾಲಯದ ಪೀಟರ್ ಶೌಸ್‌ಬರ್ಗರ್ ಮತ್ತು ಜೊತೆಗಾರರು 2023ರಲ್ಲಿ ಪ್ರಕಟಿಸಿದ್ದು. ಕಾವಲು ಕೂತ ಗಂಡು ಸುಮ್ನೆ ಕಾಯುವುದಿಲ್ಲ. ಹೆಣ್ಣಿನ ಮೈ ಬೆಳ್ಳಿ ಬಣ್ಣಕ್ಕೆ ತಿರುಗಿದ ಮೇಲೆ ಕಾಲುಗಳಿಂದ ಅವಳ ಮೈಯನ್ನು ಪಟಪಟ ಬಡಿಯಲು ಶುರು ಮಾಡುತ್ತದೆ. ಹಳೆಯ ಚರ್ಮ ಬಿರುಕು ಬಿಟ್ಟಾಗ ಬಾಯಿಯ ಪಕ್ಕದ ಪುಟ್ಟ ಕೈಗಳಿಂದ ಅದನ್ನು ಹಿಡಿದು ಎಳೆದು ತೆಗೆಯುತ್ತದೆ, ಬಿಗಿಯಾದ ಕಾಲುಚೀಲ ಬಿಚ್ಚಿದ ಹಾಗೆ. ಅದೂ ಹಿಂಭಾಗದ ಕಡೆಯಿಂದ. ಯಾಕೆಂದರೆ ಕೂಡಲು ಬೇಕಾದ ದ್ವಾರ ಇರುವುದು ಅಲ್ಲಿ. ಗಂಡಿನ ಕೈ ಸೇರಿದರೆ ಹೆಣ್ಣು ಬೇಗ ಪೊರೆಯಿಂದ ಹೊರಬರುತ್ತಾಳೆ. ಪಕ್ಕದಲ್ಲಿ ಹೊಂಚು ಹಾಕಿರುವವನು ಮುಂದೆ ಬರುವುದರೊಳಗೆ ಇವನ ಕೆಲಸ ಆಗಿರುತ್ತದೆ.

ಈಗ ಎರಡನೆಯದು. ಹೆಣ್ಣಿನ ಕೈಯಲ್ಲಿ ಏನಿದೆ ಅಂದರೆ, ಎಷ್ಟು ಮೊಟ್ಟೆ ಹೆಣ್ಣಾಗಬೇಕು, ಎಷ್ಟು ಗಂಡಾಗಬೇಕು ಅನ್ನುವುದು ಅವಳ ಮೈಯಲ್ಲೇ ತೀರ್ಮಾನವಾಗುತ್ತದೆ. ಮುಂದಿನ ತಲೆಮಾರಿನಲ್ಲಿ ಗಂಡುಗಳ ಪೈಪೋಟಿ ಎಷ್ಟು ಬಿಗಿ ಅನ್ನುವುದು ಅದರ ಮೇಲೆ ನಿಂತಿದೆ. ನನ್ನ ಪ್ರಕಾರ ಅದು ಸಣ್ಣ ಪಾತ್ರ ಅಲ್ಲ.

ಗೆಡ್ಡೆಗೆಳೆಯ

ಜೇಡ ನುಸಿ ಒಂದನ್ನೇ ನೋಡಿದರೆ ಅರ್ಧ ಚಿತ್ರ ಮಾತ್ರ ಸಿಗುತ್ತದೆ. ಗೆಡ್ಡೆ ನುಸಿಗಳ ಕಡೆ ಬನ್ನಿ. ಈರುಳ್ಳಿ, ಬೆಳ್ಳುಳ್ಳಿ, ಹೂವಿನ ಗೆಡ್ಡೆಗಳ ಮೇಲೆ ಇರುವ ಬೆಳ್ಳಗಿನ, ದುಂಡಗಿನ, ನಿಧಾನ ನಡೆಯುವ ನುಸಿಗಳು.

ಇವುಗಳಲ್ಲಿ ಎರಡು ಬಗೆಯ ಗಂಡು ಹುಟ್ಟುತ್ತವೆ. ಇಲ್ಲಿ ವ್ಯತ್ಯಾಸ ನಡವಳಿಕೆಯಲ್ಲಿ ಮಾತ್ರ ಅಲ್ಲ, ಮೈಯಲ್ಲೇ ಇದೆ. ಒಂದು ಬಗೆಯ ಗಂಡಿನ ಮೂರನೇ ಜೊತೆ ಕಾಲುಗಳು ವಿಪರೀತ ದಪ್ಪ, ತುದಿಯಲ್ಲಿ ಚೂಪಾದ ಕೊಕ್ಕೆ. ಇದು ಕಾದಾಳು. ಎದುರಾಳಿಯನ್ನು ಆ ಕಾಲಿನಲ್ಲಿ ಅಮುಕಿ ಹಿಡಿದು ಚರ್ಮಕ್ಕೆ ಕೊಕ್ಕೆ ಚುಚ್ಚಿ ಕೊಂದೇ ಬಿಡುತ್ತದೆ. ಇನ್ನೊಂದು ಬಗೆಯದರ ಕಾಲು ತೆಳ್ಳಗೆ, ಹೆಣ್ಣಿನ ಕಾಲಿನ ಹಾಗೇ. ಇದು ಜಗಳಕ್ಕೆ ಹೋಗದೆ ಹೆಣ್ಣನ್ನು ಹುಡುಕುತ್ತಾ ಓಡಾಡುತ್ತದೆ.

ಮೈಕ್ರೋಸ್ಕೋಪ್ ಕೆಳಗೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಜಾತಿ ಅಂತ ನಂಬುವುದೇ ಕಷ್ಟ. ಕಾದಾಳು ನಡೆಯುವಾಗ ಆ ದಪ್ಪ ಕಾಲುಗಳು ಪಕ್ಕಕ್ಕೆ ಬಾಗಿ ನಿಂತಿರುತ್ತವೆ. ನಡೆಯಲು ಅವು ಅಷ್ಟೇನೂ ಸಹಾಯ ಮಾಡುತ್ತಿಲ್ಲ ಅಂತ ನೋಡಿದ ಕೂಡಲೇ ಅನಿಸುತ್ತದೆ.

ಯಾರು ಕಾದಾಳಾಗಬೇಕು ಅನ್ನುವುದು ಕೊನೆಯ ಮರಿ ಹಂತದಲ್ಲಿ ತೀರ್ಮಾನವಾಗುತ್ತದೆ. ರೈಜೋಗ್ಲಿಫಸ್ ರೊಬಿನಿ ಅನ್ನುವ ಗೆಡ್ಡೆ ನುಸಿಯಲ್ಲಿ ಅಪ್ಪನಿಂದ ಮಗನಿಗೆ ಇದು ಇಳಿದು ಬರುತ್ತದೆ ಎಂದು ಪೋಲೆಂಡಿನ ಯಾತ್ಸೆಕ್ ರಾಡ್ವಾನ್ 1995ರಲ್ಲಿ ತೋರಿಸಿದರು. ಆದರೆ ಮರಿ ಎಷ್ಟು ಚೆನ್ನಾಗಿ ತಿಂದು ದಪ್ಪವಾಗಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ ಎಂದು ಆಮೇಲೆ ಇಸಾಬೆಲ್ ಸ್ಮಾಲಗಾಂಗ ಮುಂತಾದವರ ಕೆಲಸದಿಂದ ಗೊತ್ತಾಯಿತು. ಹುಟ್ಟೂ ಇದೆ, ಹೊಟ್ಟೆಯೂ ಇದೆ.

ಕಬ್ಬಿಣಕಾಲು

ಗೆಡ್ಡೆಗೆಳೆಯರೇ, ಕಾದಾಳು ಕೊಲ್ಲುತ್ತದೆ ಅಂದಮೇಲೆ ಕೆಲವೇ ತಲೆಮಾರಿನಲ್ಲಿ ಎಲ್ಲ ಗಂಡೂ ಕಾದಾಳೇ ಆಗಬೇಕಿತ್ತು. ತೆಳ್ಳನೆಯ ಕಾಲಿನವು ಉಳಿದದ್ದೇ ಆಶ್ಚರ್ಯ. ಕೊನೆಗೆ ಬಲ ಇದ್ದವನೇ ಗೆಲ್ಲೋದು ಅನ್ನುವುದು ನನ್ನ ಅಭಿಪ್ರಾಯ.

ಗೆಡ್ಡೆಗೆಳೆಯ

ಒಪ್ಪುವುದಿಲ್ಲ. ಇದಕ್ಕೆ ಉತ್ತರ ಅದರ ಹತ್ತಿರದ ಸಂಬಂಧಿಯಲ್ಲಿ ಚೆನ್ನಾಗಿ ಸಿಗುತ್ತದೆ. ಸ್ಯಾಂಕಸೇನಿಯ ಬರ್ಲೆಸೆ ಅಂತ ಒಂದು ನುಸಿ. ಕೊಳೆಯುವ ವಸ್ತುಗಳ ಮೇಲೆ, ಹಕ್ಕಿ ಹಿಕ್ಕೆಯಲ್ಲಿ ಬದುಕುತ್ತದೆ.

ಅದರಲ್ಲಿ ಗುಂಪು ಚಿಕ್ಕದಿದ್ದಾಗ ಕಾದಾಳುಗಳು ಹುಟ್ಟುತ್ತವೆ. ಗುಂಪು ದೊಡ್ಡದಾಗಿ ಕಿಕ್ಕಿರಿದಾಗ ಕಾದಾಳು ಹುಟ್ಟುವುದು ತುಂಬಾ ಕಡಿಮೆಯಾಗುತ್ತದೆ. ಗುಂಪು ಬಿಡುವ ವಾಸನೆಯೇ ಬೆಳೆಯುತ್ತಿರುವ ಮರಿಗೆ ಸೂಚನೆ. ಸುತ್ತ ಎಷ್ಟು ಜನ ಇದ್ದಾರೆ ಅಂತ ಅದಕ್ಕೆ ಗೊತ್ತಾಗುತ್ತದೆ, ಅದಕ್ಕೆ ತಕ್ಕ ಕಾಲು ಬೆಳೆಯುತ್ತದೆ.

ಯಾಕೆ ಹೀಗೆ? ಪುಟ್ಟ ಗುಂಪಿನಲ್ಲಿ ಎದುರಾಳಿಗಳು ಇಬ್ಬರೋ ಮೂವರೋ. ಅವರನ್ನು ಕೊಂದರೆ ಹೆಣ್ಣುಗಳೆಲ್ಲ ಒಬ್ಬನಿಗೇ. ಆಗ ಆಯುಧದ ಖರ್ಚು ಗಿಟ್ಟುತ್ತದೆ. ನೂರಾರು ಗಂಡು ಇರುವ ಕಡೆ ಎಷ್ಟು ಜನರನ್ನು ಅಂತ ಕೊಲ್ಲುವುದು? ಒಬ್ಬನ ಜೊತೆ ಕಾದಾಡುತ್ತಿರುವಾಗ ಉಳಿದವರು ಹೆಣ್ಣಿನ ಜೊತೆ ಕೂಡಿ ಮುಗಿಸಿರುತ್ತಾರೆ. ಮೇಲಿಂದ ಇನ್ನೊಬ್ಬ ಕಾದಾಳಿನ ಕೊಕ್ಕೆಗೆ ಸಿಕ್ಕಿ ತಾನೇ ಸಾಯುವ ಅಪಾಯ. ಅಲ್ಲಿ ತೆಳ್ಳನೆಯ ಕಾಲೇ ಲಾಭ.

ಹಾಗಾಗಿ ಬಲ ಇದ್ದವನೇ ಗೆಲ್ಲುತ್ತಾನೆ ಅನ್ನುವ ಮಾತಿಗೆ ಎಲ್ಲಿ, ಎಷ್ಟು ಜನರ ನಡುವೆ ಅಂತ ಸೇರಿಸಲೇಬೇಕು.

ಕಬ್ಬಿಣಕಾಲು

ಗುಂಪಿನ ವಾಸನೆ ನೋಡಿ ಕಾಲು ಬೆಳೆಯುತ್ತದೆ ಅನ್ನುವುದು ನನಗೆ ಹೊಸ ವಿಷಯ. ಒಂದು ಕೇಳಬೇಕು. ಒಮ್ಮೆ ಬೆಳೆದ ಮೇಲೆ ಬದಲಾಯಿಸಲು ಆಗುತ್ತದಾ?

ಗೆಡ್ಡೆಗೆಳೆಯ

ಇಲ್ಲ. ಬೆಳೆದ ನುಸಿ ಮತ್ತೆ ಪೊರೆ ಬಿಡುವುದಿಲ್ಲ. ಬಂದ ಕಾಲೇ ಕೊನೆಯವರೆಗೆ.

ಜೇನುಬಂಧು

ಜೇನು ಸಾಕುವವರಿಗೆ ಗೊತ್ತಿರುವ, ಜೇನುನೊಣದ ಮೈ ಚುಚ್ಚಿ ತಿಂದು ಬದುಕುವ ವರೋವಾ ನುಸಿ ಬಗ್ಗೆ ಹೇಳಲೇಬೇಕು. ಇಲ್ಲಿ ಪೈಪೋಟಿ ಇಡೀ ಒಂದು ಮುಚ್ಚಿದ ಕೋಣೆಯೊಳಗೆ.

ತಾಯಿ ನುಸಿ ಜೇನುಮರಿಯ ಕೋಣೆಗೆ ಮೇಣದ ಮುಚ್ಚಳ ಬೀಳುವ ಮುಂಚೆ ನುಗ್ಗುತ್ತಾಳೆ. ಮುಚ್ಚಳ ಬಿದ್ದು ಸುಮಾರು 60ರಿಂದ 70 ಗಂಟೆಗೆ ಮೊದಲ ಮೊಟ್ಟೆ. ಅದು ಗಂಡು. ಆಮೇಲೆ ಸುಮಾರು 30 ಗಂಟೆಗೊಂದರಂತೆ ಹೆಣ್ಣು ಮೊಟ್ಟೆಗಳು. ಮಗ ಬೆಳೆದು ತಯಾರಾಗಿ ನಿಲ್ಲುತ್ತಾನೆ. ಅಕ್ಕತಂಗಿಯರು ಒಬ್ಬೊಬ್ಬರಾಗಿ ಬೆಳೆದು ಬರುತ್ತಾರೆ. ಕೋಣೆಯಲ್ಲಿ ನುಸಿಗಳ ಹಿಕ್ಕೆ ಒಂದೇ ಕಡೆ ಗುಡ್ಡೆಯಾಗಿರುತ್ತದೆ. ಕೂಡುವುದು ಅಲ್ಲೇ. ಹೊಸದಾಗಿ ಪೊರೆ ಬಿಟ್ಟವಳ ಕಡೆಗೆ ಗಂಡಿನ ಒಲವು ಹೆಚ್ಚು.

ಈ ಗಂಡು ಹೊರಗಿನ ಬೆಳಕು ನೋಡುವುದೇ ಇಲ್ಲ. ಅವನ ಬಾಯಿಯ ಅಂಗ ವೀರ್ಯ ದಾಟಿಸುವ ಕೊಳವೆಯಾಗಿ ಮಾರ್ಪಟ್ಟಿದೆ. ಜೇನಿನ ಚರ್ಮ ಚುಚ್ಚಲು ಅದರಿಂದ ಆಗುವುದಿಲ್ಲ. ಜೇನುನೊಣ ಮುಚ್ಚಳ ಒಡೆದು ಹೊರಬಂದಾಗ ಕೂಡಿದ ಹೆಣ್ಣುಗಳು ಅದರ ಮೈ ಹತ್ತಿ ಹೋಗುತ್ತವೆ. ಗಂಡು ಅಲ್ಲೇ ಸಾಯುತ್ತದೆ. ಅಷ್ಟರಲ್ಲಿ ಬೆಳೆದು ಮುಗಿಯದ ತಂಗಿಯರೂ ಸಾಯುತ್ತವೆ.

ಒಂದೇ ತಾಯಿ ನುಗ್ಗಿದ ಕೋಣೆಯಲ್ಲಿ ಎದುರಾಳಿಯೇ ಇಲ್ಲ. ಇಬ್ಬರು ತಾಯಂದಿರು ಒಂದೇ ಕೋಣೆಗೆ ಬಂದರೆ ಮಾತ್ರ ಎರಡು ಗಂಡು ಎದುರುಬದುರಾಗುತ್ತವೆ. ಗೂಡಿನಲ್ಲಿ ನುಸಿ ಜಾಸ್ತಿಯಾದಷ್ಟೂ ಹೀಗಾಗುವುದು ಜಾಸ್ತಿ. ಆಗ ಬೇರೆ ಬೇರೆ ವಂಶ ಬೆರೆಯುತ್ತದೆ.

ನುಸಿನೋಟ

ಜೇನುಬಂಧು ಹೇಳಿದ್ದು ಒಂದು ದೊಡ್ಡ ವಿಚಾರಕ್ಕೆ ಬಾಗಿಲು. ಡಬ್ಲ್ಯೂ. ಡಿ. ಹ್ಯಾಮಿಲ್ಟನ್ 1967ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಬಿಡಿಸಿ ಹೇಳಿದರು. ಒಂದೇ ತಾಯಿಯ ಗಂಡುಮಕ್ಕಳು ತಮ್ಮತಮ್ಮಲ್ಲೇ ಅಕ್ಕತಂಗಿಯರಿಗಾಗಿ ಪೈಪೋಟಿ ಮಾಡುವುದಾದರೆ ಹೆಚ್ಚು ಗಂಡು ಹೆತ್ತು ತಾಯಿಗೆ ಲಾಭವಿಲ್ಲ. ಯಾವ ಮಗ ಗೆದ್ದರೂ ಅವಳಿಗೆ ಒಂದೇ. ಎಲ್ಲ ಹೆಣ್ಣುಗಳಿಗೆ ಸಾಕಾಗುವಷ್ಟು ಗಂಡು ಇದ್ದರೆ ಮುಗಿಯಿತು, ಉಳಿದದ್ದನ್ನೆಲ್ಲ ಹೆಣ್ಣಾಗಿ ಹೆರುವುದೇ ಒಳ್ಳೆಯದು.

ಇದರ ಕೊನೆಯ ತುದಿ ನೋಡಬೇಕೆಂದರೆ ಅಡ್ಯಾಕ್ಟಿಲಿಡಿಯಂ ಅನ್ನುವ ನುಸಿ ಇದೆ. ಥ್ರಿಪ್ಸ್ ಹುಳದ ಮೊಟ್ಟೆ ತಿಂದು ಬದುಕುತ್ತದೆ. ಮರಿಗಳು ತಾಯಿಯ ಹೊಟ್ಟೆಯೊಳಗೇ ಮೊಟ್ಟೆ ಒಡೆದು ಬೆಳೆಯುತ್ತವೆ. ಐದರಿಂದ ಎಂಟು ಹೆಣ್ಣು, ಒಂದೇ ಗಂಡು. ಆ ಗಂಡು ತಾಯಿಯ ಒಳಗೇ ಅಕ್ಕತಂಗಿಯರ ಜೊತೆ ಕೂಡುತ್ತದೆ. ಆಮೇಲೆ ಹೆಣ್ಣುಗಳು ತಾಯಿಯ ಮೈ ಕೊರೆದು ಹೊರಬರುತ್ತವೆ. ತಾಯಿಯ ಆಯಸ್ಸು ನಾಲ್ಕೇ ದಿನ. ಗಂಡಿಗೆ ಆಯುಧವೂ ಬೇಡ, ಕಾವಲೂ ಬೇಡ.

ಪೈಮೋಟಿಸ್ ಅನ್ನುವ ಇನ್ನೊಂದರಲ್ಲಿ ತಾಯಿಯ ಹಿಂಭಾಗ ಗುಂಡಗೆ ಬಲೂನಾಗಿ ಉಬ್ಬುತ್ತದೆ. ಮರಿಗಳು ಪೂರ್ತಿ ಬೆಳೆದೇ ಹುಟ್ಟುತ್ತವೆ. ಮೊದಲು ಹುಟ್ಟಿದ ಗಂಡುಗಳು ದೂರ ಹೋಗುವುದಿಲ್ಲ, ತಾಯಿಯ ಹೆರಿಗೆ ದ್ವಾರದ ಸುತ್ತಲೇ ಕೂತಿರುತ್ತವೆ. ತಂಗಿ ಹೊರಬರುವಾಗ ಹಿಂಗಾಲಿನಿಂದ ಹಿಡಿದು ಎಳೆದು ತೆಗೆದು, ಕೂಡಲೇ ಅವಳ ಜೊತೆ ಕೂಡುತ್ತವೆ.

ಜೇಡ ನುಸಿಯ ಗಂಡು ಪೊರೆ ಎಳೆಯುವುದು, ಇದು ಹೆರಿಗೆಯಲ್ಲೇ ಎಳೆಯುವುದು. ಎರಡರಲ್ಲೂ ಗುರಿ ಒಂದೇ ಅಲ್ವಾ? ಮೊದಲಿಗನಾಗುವುದು.

ಪ್ರಶ್ನೆಪೆಟ್ಟಿಗೆ

ಓದಿ ಮೈ ಜುಮ್ ಎಂದಿತು. ಹಾಗಾದರೆ ಸಂಬಂಧ ಹತ್ತಿರವಾದಷ್ಟೂ ಗಂಡುಗಳ ಜಗಳ ಕಡಿಮೆಯಾಗಬೇಕು. ಅಣ್ಣತಮ್ಮಂದಿರು ಕೊಂದಾಡಿದರೆ ಇಬ್ಬರಿಗೂ ನಷ್ಟ. ಇದನ್ನು ಯಾರಾದರೂ ನೋಡಿದ್ದಾರಾ?

ಗರಿಕೆ

ನೋಡಿದ್ದಾರೆ, ಅದೂ ಒಂದೇ ಹುಲ್ಲಿನ ಮೇಲೆ. ಜಪಾನಿನಲ್ಲಿ ಸುಸುಕಿ ಎನ್ನುವ ಎತ್ತರದ ಹುಲ್ಲು ಬೆಳೆಯುತ್ತದೆ. ಅದರ ಎಲೆಯ ಕೆಳಗೆ ನೂಲಿನ ಗೂಡು ಕಟ್ಟಿ ಗುಂಪಾಗಿ ಬದುಕುವ ಜೇಡ ನುಸಿ ಇದೆ, ಸ್ಟಿಗ್ಮಿಯಾಪ್ಸಿಸ್ ಮಿಸ್ಕಾಂತಿ. ಹೊಕ್ಕೈಡೊ ವಿಶ್ವವಿದ್ಯಾಲಯದ ಯುಟಾಕಾ ಸೈಟೊ ಇದರ ಮೇಲೆ ಎಷ್ಟೋ ವರ್ಷ ಕೆಲಸ ಮಾಡಿದರು.

ಈ ಗಂಡುಗಳು ಗೂಡಿಗಾಗಿ ಸಾಯುವವರೆಗೂ ಕಾದಾಡುತ್ತವೆ. ಗೆದ್ದವನಿಗೆ ಗೂಡಿನ ಹೆಣ್ಣುಗಳೆಲ್ಲ. ಆದರೆ ಎಲ್ಲ ಕಡೆಯೂ ಒಂದೇ ರೀತಿ ಅಲ್ಲ. ಬೆಚ್ಚಗಿನ ಪ್ರದೇಶದ ಗಂಡುಗಳು ಬಹಳ ಕ್ರೂರ. ಚಳಿ ಪ್ರದೇಶದವು ಅಷ್ಟು ಕಾದುವುದಿಲ್ಲ. ಸೈಟೊ ಕೊಟ್ಟ ವಿವರಣೆ ನೀವು ಹೇಳಿದ್ದೇ. ಕಡು ಚಳಿಗಾಲದಲ್ಲಿ ಗಂಡುಗಳು ಸತ್ತುಹೋಗುತ್ತವೆ. ವಸಂತದಲ್ಲಿ ಉಳಿದ ತಾಯಿ ತನ್ನ ಮಗನ ಜೊತೆ ಕೂಡಿ ಗೂಡು ಶುರು ಮಾಡುವ ಸಾಧ್ಯತೆ ಹೆಚ್ಚು. ಹಾಗಾಗಿ ಗೂಡಿನೊಳಗಿನವರೆಲ್ಲ ಹತ್ತಿರದ ರಕ್ತಸಂಬಂಧಿಗಳು. ಅಂಥ ಕಡೆ ಕೊಲೆಯಿಂದ ಲಾಭ ಕಡಿಮೆ.

ಇನ್ನೊಂದು ಮಾತು. ಇದೇ ಗಂಡುಗಳು ಬೇಟೆಗಾರ ನುಸಿ ಗೂಡಿಗೆ ನುಗ್ಗಿದರೆ ಹೆಣ್ಣುಗಳ ಜೊತೆ ಸೇರಿ ಅದನ್ನು ಎದುರಿಸುತ್ತವೆ. ಎದುರಾಳಿಯನ್ನು ಕೊಲ್ಲುವ ಅಂಗಗಳೇ ಮರಿಗಳನ್ನು ಕಾಯಲೂ ಬಳಕೆಯಾಗುತ್ತವೆ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಕೆರೆದಂಡೆ

ಎಲ್ಲ ನುಸಿಯಲ್ಲೂ ಮೈಗೆ ಮೈ ಕೂಡುವುದಿಲ್ಲ ಅನ್ನುವುದನ್ನು ಇಲ್ಲಿ ಯಾರೂ ಹೇಳಿಲ್ಲ. ಬಹಳಷ್ಟು ಜಾತಿಯಲ್ಲಿ ಗಂಡು ವೀರ್ಯವನ್ನು ಪುಟ್ಟ ಪೊಟ್ಟಣ ಮಾಡಿ, ಸಣ್ಣ ಕಡ್ಡಿಯಂಥ ಕಾಂಡದ ಮೇಲೆ ನಿಲ್ಲಿಸಿ ಹೋಗುತ್ತದೆ. ಹೆಣ್ಣು ಬಂದು ಎತ್ತಿಕೊಳ್ಳುತ್ತಾಳೆ. ಮಣ್ಣಿನಲ್ಲಿರುವ ಎಷ್ಟೋ ನುಸಿಗಳ ಗಂಡು ಹೆಣ್ಣಿನ ಮುಖವನ್ನೇ ನೋಡುವುದಿಲ್ಲ.

ಆಗ ಪೈಪೋಟಿ ಪೊಟ್ಟಣದ ಮೇಲೆ. ಮಳೆ ಬಿದ್ದಾಗ ನೆಲದ ಮೇಲೆ ಕಾಣುವ ಇಂದ್ರಗೋಪ, ಆ ಮಖಮಲ್ಲಿನ ಕೆಂಪು ನುಸಿ, ಅದರ ಗುಂಪಿನಲ್ಲಿ ಗಂಡು ಪೊಟ್ಟಣಗಳನ್ನು ನಿಲ್ಲಿಸಿ ಹೆಣ್ಣಿಗೆ ದಾರಿ ತೋರಿಸಲು ನೂಲು ಹಾಸುತ್ತದೆ. ಇನ್ನೊಂದು ಗಂಡಿನ ಕಣ್ಣಿಗೆ ಅದು ಬಿದ್ದರೆ ಆ ಪೊಟ್ಟಣಗಳನ್ನು ಹಾಳುಮಾಡಿ ತನ್ನವನ್ನು ಇಡುತ್ತದೆ. ಮುಖಾಮುಖಿ ಇಲ್ಲದೆಯೇ ಯುದ್ಧ.

ನೀರಿನ ನುಸಿ ನ್ಯೂಮೇನಿಯ ಪ್ಯಾಪಿಲೇಟರ್ ಬೇರೆಯೇ ದಾರಿ ಹಿಡಿದಿದೆ. ಹೆಣ್ಣು ಮುಂಗಾಲು ಎತ್ತಿ ನೀರಿನ ಗಿಡದ ಮೇಲೆ ಹೊಂಚುಹಾಕಿ ನಿಂತಿರುತ್ತಾಳೆ. ಸಣ್ಣ ನೀರಿನ ಹುಳ ಈಜುವಾಗ ಏಳುವ ಕಂಪನ ಕಾಲಿಗೆ ತಾಗಿದ ಕೂಡಲೇ ಹಿಡಿಯುತ್ತಾಳೆ. ಗಂಡು ತನ್ನ ಕಾಲು ನಡುಗಿಸಿ ಅಂಥದ್ದೇ ಕಂಪನ ಎಬ್ಬಿಸುತ್ತದೆ. ಹೆಣ್ಣು ಬೇಟೆ ಅಂದುಕೊಂಡು ಅದರತ್ತ ತಿರುಗಿ ಹಿಡಿಯುತ್ತಾಳೆ, ಆಮೇಲೆ ಬಿಡುತ್ತಾಳೆ. ಆಗ ಗಂಡಿಗೆ ಅವಳು ಎಲ್ಲಿದ್ದಾಳೆ ಅಂತ ತಿಳಿಯುತ್ತದೆ. ಅಲ್ಲೇ ಪೊಟ್ಟಣ ನಿಲ್ಲಿಸಿ, ಅವುಗಳ ಮೇಲಿಂದ ಅವಳ ಕಡೆಗೆ ಕಾಲಿನಿಂದ ನೀರು ಬೀಸುತ್ತದೆ. ಹಸಿದ ಹೆಣ್ಣುಗಳೇ ಹೆಚ್ಚಾಗಿ ಹೀಗೆ ಹಿಡಿಯುವುದು ಎಂದು ಹೆದರ್ ಪ್ರಾಕ್ಟರ್ 1990ರ ದಶಕದ ಶುರುವಿನಲ್ಲಿ ತೋರಿಸಿದರು.

ಪ್ರಶ್ನೆಪೆಟ್ಟಿಗೆ

ಹೆಣ್ಣೇ ಗಂಡನ್ನು ಹಿಡಿದಿಟ್ಟುಕೊಳ್ಳುವ ಉದಾಹರಣೆ ಇದೆಯಾ? ಇಲ್ಲಿವರೆಗೆ ಎಲ್ಲ ಕಡೆ ಹಿಡಿಯುವವನು ಗಂಡೇ.

ಗೆಡ್ಡೆಗೆಳೆಯ

ಇದೆ, ಆದರೆ ಈಗ ಬದುಕಿರುವ ಜಾತಿಯಲ್ಲಲ್ಲ. ಬಾಲ್ಟಿಕ್ ಪ್ರದೇಶದ ಅಂಬರ್‌ನಲ್ಲಿ, ಅಂದರೆ ಗಟ್ಟಿಯಾದ ಮರದ ಅಂಟಿನಲ್ಲಿ, ಕೂಡುತ್ತಿದ್ದಾಗಲೇ ಸಿಕ್ಕಿಹಾಕಿಕೊಂಡ ನುಸಿ ಜೋಡಿ ಇದೆ. ಸುಮಾರು 4 ಕೋಟಿ ವರ್ಷ ಹಳೆಯದು, ಗ್ಲೀಸಾಕಾರಸ್ ರಾಂಬಿಯಸ್. 2011ರಲ್ಲಿ ಕ್ಲಿಮೊವ್ ಮತ್ತು ಸಿಡೊರ್ಚುಕ್ ಅದನ್ನು ವಿವರಿಸಿದರು. ಇದರ ಈಗಿನ ಸಂಬಂಧಿಗಳಲ್ಲಿ ಹಿಡಿದುಕೊಳ್ಳುವ ಅಂಗ ಗಂಡಿಗೆ ಇರುತ್ತದೆ. ಈ ಜಾತಿಯ ಗಂಡಿಗೆ ಅದಿಲ್ಲ. ಬದಲಿಗೆ ಹೆಣ್ಣಿನ ಹಿಂಭಾಗದಲ್ಲಿ ಅಂಟಿ ಹಿಡಿಯುವ ಮೆತ್ತೆಯಂಥ ಭಾಗ ಇದೆ. ಯಾರ ಜೊತೆ, ಎಷ್ಟು ಹೊತ್ತು ಅನ್ನುವುದರಲ್ಲಿ ಅವಳ ಮಾತೇ ನಡೆಯುತ್ತಿತ್ತು ಎಂದು ಅವರು ಅರ್ಥಮಾಡಿಕೊಂಡಿದ್ದಾರೆ.

ಹಸಿರುಮನೆ

ನಾನು ಔಷಧಿ ವಿಚಾರಕ್ಕೆ ಬಂದವನು, ಕೂತು ಎಲ್ಲ ಓದಿದೆ. ಒಂದು ಪ್ರಶ್ನೆ ಉಳಿದಿದೆ. ಜೇಡ ನುಸಿ ತಿನ್ನಲು ಬಿಡುವ ಬೇಟೆಗಾರ ನುಸಿಗಳಲ್ಲೂ ಗಂಡು ಹೀಗೇ ಮಾಡುತ್ತವಾ?

ನುಸಿನೋಟ

ಹೌದು. ಅಂಥ ಬೇಟೆಗಾರ ನುಸಿಯಾದ ಫೈಟೊಸಿಯುಲಸ್ ಪರ್ಸಿಮಿಲಿಸ್‌ನಲ್ಲೂ ಗಂಡು ಕೊನೆಯ ಮರಿ ಹಂತದ ಹೆಣ್ಣಿನ ಪಕ್ಕ ಕಾವಲು ಇರುತ್ತದೆ. ಆದರೆ ಒಂದು ವ್ಯತ್ಯಾಸ ನಿಮ್ಮ ಕೆಲಸಕ್ಕೆ ಮುಖ್ಯ. ಅವುಗಳಲ್ಲಿ ಗಂಡು ಹುಟ್ಟಬೇಕಾದರೂ ವೀರ್ಯ ಸೇರಬೇಕು. ಸೇರಿದ ಮೇಲೆ ಅಪ್ಪನ ಕ್ರೋಮೋಸೋಮ್‌ಗಳು ಗಂಡು ಭ್ರೂಣದಲ್ಲಿ ಕಳೆದುಹೋಗುತ್ತವೆ. ಕೂಡದ ಹೆಣ್ಣು ಮೊಟ್ಟೆಯನ್ನೇ ಇಡುವುದಿಲ್ಲ. ಜೇಡ ನುಸಿ ಒಂಟಿಯಾಗಿಯೇ ಸಂಸಾರ ಶುರು ಮಾಡಬಲ್ಲದು, ಅದನ್ನು ತಿನ್ನುವ ನುಸಿಗೆ ಅದು ಆಗುವುದಿಲ್ಲ. ಆದ್ದರಿಂದ ಬೇಟೆಗಾರ ನುಸಿಯನ್ನು ಅಲ್ಲೊಂದು ಇಲ್ಲೊಂದು ಉದುರಿಸುವುದಕ್ಕಿಂತ, ಜೇಡ ನುಸಿ ಇರುವ ಕಡೆಯೇ ಒಟ್ಟಾಗಿ ಬಿಡಿ. ಗಂಡು ಹೆಣ್ಣು ಒಂದನ್ನೊಂದು ಸೇರಲಿ.

ಲೆನ್ಸ್‌ಕಣ್ಣು

ಎಲ್ಲರಿಗೂ ತುಂಬಾ ಧನ್ಯವಾದ. ಪೊರೆ ಎಳೆಯುವುದನ್ನು ಕಣ್ಣಾರೆ ನೋಡಬೇಕು ಅನಿಸಿದೆ. ಹೇಗೆ ನೋಡಲಿ?

ನುಸಿನೋಟ

ಎಲೆಯ ಒಂದು ತುಂಡನ್ನು ಒದ್ದೆ ಹತ್ತಿಯ ಮೇಲೆ ಹಿಂಬದಿ ಮೇಲಾಗಿ ಇಡಿ. ಸುತ್ತ ನೀರು ಇದ್ದರೆ ನುಸಿಗಳು ಹೊರಗೆ ಹೋಗುವುದಿಲ್ಲ. ಬೆಳ್ಳಿ ಹೊಳಪು ಬಂದಿರುವ ಹೆಣ್ಣನ್ನು ಆರಿಸಿ, ಹೊಳಪಿಲ್ಲದವಳಾದರೆ ತುಂಬಾ ಹೊತ್ತು ಕಾಯಬೇಕಾಗುತ್ತದೆ. ಹತ್ತು ಪಟ್ಟಿನ ಲೆನ್ಸ್‌ನಲ್ಲಿ ಕಾವಲು, ಜಗಳ ಕಾಣುತ್ತದೆ. ಕಾಲಿನ ಬಡಿತ, ಪೊರೆ ಎಳೆಯುವುದು ನೋಡಲು ಮೂವತ್ತು ನಲವತ್ತು ಪಟ್ಟಿನ ಮೈಕ್ರೋಸ್ಕೋಪ್ ಬೇಕು. ಬಿಸಿಯಾಗುವ ದೀಪ ಬೇಡ, ಎಲೆ ಬಾಡುತ್ತದೆ. ಹೆಣ್ಣಿನ ಹಿಂಭಾಗದ ಮೇಲೇ ಕಣ್ಣಿಡಿ, ಪೊರೆ ಸರಿಯುವುದು ಅಲ್ಲಿಂದಲೇ.

ಜಗಳವಿಲ್ಲದೆ ಪಕ್ಕದಲ್ಲಿ ಕೂತ ಎರಡನೇ ಗಂಡು ಕಂಡರೆ, ಪೊರೆ ಬಿದ್ದಾಗ ಯಾರು ಮೊದಲು ಕೆಳಗೆ ನುಗ್ಗಿದರು ಅಂತ ಬರೆದಿಟ್ಟುಕೊಂಡು ಇಲ್ಲಿ ಹಾಕಿ.